ಕೋರ್ಟಿಗೆ ಹೋದ ಎಲೆತೋಟ

ಮೊನ್ನೆ ಮೊಮ್ಮಗಳು ಶಿಗ್ಗಾವಿ ಸಂತೆಯಿಂದ ಒಂದು ಕಟ್ಟು ವೀಳ್ಯದೆಲೆ ತಂದು ನನ್ನ ಮುಂದಿಟ್ಟಳು. ಹಸಿ ಅರಿವೆ ಬಿಚ್ಚಿದರೆ ವಾಸನೆಯೇನೋ ಬಂತು, ಎಲೆ ಮಾತ್ರ ಚರ್ಮದ ಹಾಗೆ ದಪ್ಪ. ಇದು ಸವಣೂರಿನದಲ್ಲ ಅಂದೆ. ಎಲ್ಲಾ ಎಲೆ ಒಂದೇ ಬಿಡು ಅಂತ ಅವಳು ಫೋನಿನ ಕಡೆ ತಿರುಗಿದಳು. ನೀವು ಎಲೆ ಹಾಕುವವರಾದರೆ ನನ್ನ ಸಂಕಟ ತಿಳಿದೀತು. ಸವಣೂರಿನ ಎಲೆ ನನ್ನಂಥ ಹಲ್ಲು ಉದುರಿದವಳಿಗೂ ಒಗ್ಗುತ್ತದೆ. ಇದಕ್ಕಾದರೆ ಕುಟ್ಟಿ ಕೊಡಲು ಆಳು ಬೇಕು.

ನಮಗೂ ಸವಣೂರಿನ ಹತ್ತಿರ ಎಲೆತೋಟ ಇತ್ತು. ನೆಲ ಈಗಲೂ ಇದೆ, ಬಳ್ಳಿ ಇಲ್ಲ. ಮಾವ ಹೋದ ಮೇಲೆ ನನ್ನ ಗಂಡ, ಅವರ ಅಣ್ಣ ಕೂಡಿಯೇ ಮಾಡುತ್ತಿದ್ದರು. ಕೊಯ್ದು ತಂದ ಎಲೆಯನ್ನು ಆರಿಸಿ, ಜೋಡಿಸಿ, ಬಾಳೆನಾರಿನಿಂದ ಕಟ್ಟುವುದು ನಾವಿಬ್ಬರು ನೆಗೆಣ್ಣಿಯರ ಕೆಲಸ. ಅಣ್ಣನ ಹೆಂಡತಿ ಗಂಗವ್ವನನ್ನು ನಾನು ಅಕ್ಕ ಅನ್ನುತ್ತಿದ್ದೆ. ಎಲೆತೋಟಕ್ಕೆ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ, ಬದುವಿನ ಮೇಲೆ ಬಿಡಬೇಕು. ಒಳಗೆ ಬೇಸಿಗೆಯಲ್ಲೂ ಕಾಲಿಗೆ ತಂಪು. ಗಂಗವ್ವ ಹಿರೇಕೆರೂರ ಕಡೆಯವಳು, ಹಂಸಭಾವಿ ತವರು. ಅಲ್ಲಿಯ ಜೋಳ, ಅಲ್ಲಿಯ ಎಮ್ಮೆ, ಅಲ್ಲಿಯ ಮೊಸರು, ಇದೇ ಅವಳ ಮಾತು. ಅಷ್ಟು ಚಲೋ ಇದ್ದರೆ ಇಲ್ಲಿಗೇಕೆ ಬಂದೆ ಅಂತ ನಾನು ಕೇಳುವುದು. ಹಾನಗಲ್ಲಿನ ಹೆಣ್ಣಿಗೆ ಎಲೆ ಕಟ್ಟಲು ಕಲಿಸುವವರು ಬೇಕಲ್ಲ ಅಂತ ಅವಳು ಚುಚ್ಚುವುದು. ನನ್ನ ಕಟ್ಟು ಒಂದು ಕಡೆ ವಾಲುತ್ತಿದ್ದದ್ದು ನಿಜ. ಅವಳೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

ಬಾವಿಯ ಕಡೆಯ ಪಾಲು ಯಾರಿಗೆ ಅಂತ ಗಂಡಸರು ಜಗಳಾಡಿದರು. ನನ್ನ ಗಂಡ ದಾವೆ ಹಾಕಿದರು. ಯಾವ ಊರಿನ ಕೋರ್ಟು ಅಂತ ಹೇಳುವುದಿಲ್ಲ, ಅಲ್ಲಿ ನಮ್ಮ ಕೆಲಸ ಇನ್ನೂ ಇದೆ.

ತೀರ್ಪಾಗುವವರೆಗೆ ತೋಟ ಇದ್ದದ್ದು ಇದ್ದ ಹಾಗೇ ಇರಬೇಕು ಅಂತ ಆದೇಶವಾಯಿತು. ಗೋಡೆಯಾದರೆ ಇದ್ದೀತು. ಬಳ್ಳಿ ಹೇಗೆ ಇದ್ದೀತು? ಅದಕ್ಕೆ ನೀರು ಬೇಕು, ಮೇಲೇರಿದ್ದನ್ನು ಇಳಿಸಿ ಕಟ್ಟಬೇಕು. ಯಾರು ನೀರು ಬಿಟ್ಟರೂ ಎದುರಿನವರು ಕಬ್ಜಾ ಮಾಡಿದರು ಅನ್ನುತ್ತಾರೆ, ಕಾಲಿಡಬೇಡಿ ಅಂತ ಎರಡೂ ಕಡೆಯ ವಕೀಲರು ಹೇಳಿದರು. ಇಬ್ಬರೂ ಇಡಲಿಲ್ಲ. ನೀರು ಬಿಡಲು ಅಪ್ಪಣೆ ಕೇಳಿದ ಅರ್ಜಿ ಯಾವ ಕಪಾಟಿನಲ್ಲಿ ಕುಳಿತಿತ್ತೋ ಸಿಗಲೇ ಇಲ್ಲ. ಹುಡುಕುತ್ತೇವೆ ಅಂದರು, ತಾರೀಖು ಕೊಟ್ಟರು. ಒಂದು ದಿನ ಬೇಲಿಯ ಆಚೆ ಗಂಗವ್ವ ನಿಂತಿದ್ದಳು, ಈಚೆ ನಾನು. ಬಳ್ಳಿ ಹಳದಿ ತಿರುಗಿತ್ತು.

“ಮಳಿ ಬಂದ್ರ ಅದರ ಮ್ಯಾಲೂ ಕೇಸ್ ಹಾಕ್ತಾರೇನ ತಂಗಿ?” ಅಂದಳು.

ಮಳೆ ಬರಲಿಲ್ಲ. ಅಪ್ಪಣೆ ಬರುವಷ್ಟರಲ್ಲಿ ಬಳ್ಳಿ ಒಣಗಿ ಹಗ್ಗವಾಗಿತ್ತು.

ನಮ್ಮ ಕಡೆ ವ್ಯಾಜ್ಯ ಇದ್ದವರು ಒಬ್ಬರ ನೀರು ಒಬ್ಬರು ಕುಡಿಯುವುದಿಲ್ಲ. ಹೀಗಾಗಿ ನಾನು ಗಂಗವ್ವನನ್ನು ನೋಡುವುದು ಕೋರ್ಟಿನ ಬೇವಿನ ಮರದ ಕೆಳಗೆ ಮಾತ್ರ. ಕಟ್ಟೆಯ ಆ ತುದಿಗೆ ಅವಳ ಬುತ್ತಿ, ಈ ತುದಿಗೆ ನನ್ನದು. ಗಂಡ ನ್ಯಾಯಕ್ಕೆ ಹೋಗುತ್ತಿದ್ದರು, ನಾನು ಅವಳನ್ನು ನೋಡಲು ಹೋಗುತ್ತಿದ್ದೆ. ತಾರೀಖಿಗೆಂದೇ ಒಂದು ಚಲೋ ಸೀರೆ ಎತ್ತಿಟ್ಟಿದ್ದೆ. ಮದುವೆ ಮನೆಗೂ ಅದನ್ನು ಉಡಲಿಲ್ಲ.

ಗಂಡಸರಿಬ್ಬರೂ ತೀರಿಕೊಂಡರು. ಅವರ ಜಾಗದಲ್ಲಿ ನಮ್ಮ ಹೆಸರು ಬರೆದರು. ಈಗ ನಾನು ಗಂಗವ್ವನ ಮೇಲೆ ದಾವೆ ಹಾಕಿದವಳು! ಇಬ್ಬರಿಗೂ ಬೇಡವಾದ ಜಗಳ. ರಾಜಿ ಮಾಡಿಕೊಳ್ಳುತ್ತೇವೆ ಅಂತ ಹೋದೆವು. ಅಷ್ಟರಲ್ಲಿ ವಾದ ಮುಗಿದು ತೀರ್ಪಿಗೆ ಇಟ್ಟಾಗಿತ್ತು. ಆಗಿನ ಜಡ್ಜ್ ಸಾಹೇಬರು ಪೀಠಕ್ಕೆ ಬರುತ್ತಿದ್ದದ್ದೇ ಊಟವಾದ ಮೇಲೆ. ತೀರ್ಪು ಬರೆಯಲು ಕೂತಿದ್ದೇನೆ, ಈಗೆಂಥ ರಾಜಿ, ಕೋರ್ಟೆಂದರೆ ಆಟವೇ ಅಂತ ಗದರಿ ಕಳಿಸಿದರು. ಹೊರಗೆ ಬಂದು ನಾನೇ ಅಂದೆ, ಅಕ್ಕ, ಮನೆಗೆ ನಡೆ, ಹೇಗೂ ಇಬ್ಬರೂ ಒಪ್ಪಿದ್ದೇವೆ. ಅವಳು ಹಟಮಾರಿ.

“ತೀರ್ಪ ಬರ್ಲಿ. ಬಂದ ದಿನ ನಿನ್ನ ಮನ್ಯಾಗ ಕುಂತ ಉಂಡ ಹೋಗ್ತೇನಿ. ಅಲ್ಲೀತನಕ ಬ್ಯಾಡ.”

ಸಾಹೇಬರು ಒಂದು ಸಾಲೂ ಬರೆದಿರಲಿಲ್ಲ. ತಾರೀಖಿನ ಮೇಲೆ ತಾರೀಖು ಕೊಟ್ಟು, ಒಂದು ದಿನ ಹಾರ ಹಾಕಿಸಿಕೊಂಡು ವರ್ಗವಾಗಿ ಹೋದರು. ನಮ್ಮದು ತೀರ್ಪಾಗಿದೆ ಅಂತ ಮೇಲಿನವರಿಗೆ ತಿಳಿಸಿಯೂ ಬಿಟ್ಟಿದ್ದರಂತೆ, ಅಲ್ಲಿಯ ಗುಮಾಸ್ತನೇ ಹೇಳಿದ. ಅದನ್ನು ಕೇಳಲು ಗಂಗವ್ವ ಇರಲಿಲ್ಲ. ಶ್ರಾವಣದಲ್ಲಿ ಜ್ವರ ಬಂದು ಹೋಗಿದ್ದಳು. ಮಣ್ಣಿಗೆ ನಾನೂ ಹೋಗಿದ್ದೆ. ಬಂದವರಿಗೆಲ್ಲ ನೀರು ಕೊಡುತ್ತಿದ್ದರು. ನನ್ನ ಮುಂದೆ ಚರಿಗೆ ಹಿಡಿದಾಕೆ ವ್ಯಾಜ್ಯ ನೆನಪಾಗಿ ಹಿಂದಕ್ಕೆ ತೆಗೆದುಕೊಂಡಳು. ಬಾಯಿ ಒಣಗಿತ್ತು. ಹಾಗೇ ಬಸ್ಸು ಹತ್ತಿದೆ.

ಆಮೇಲೆ ಯಾರಾದರೂ ತೋಟ ಹೋಯಿತಲ್ಲ ಅಂತ ಮರುಗಿದರೆ ನನಗೆ ಸಿಟ್ಟು ಬರುತ್ತದೆ. ಬಳ್ಳಿಯನ್ನು ಮತ್ತೆ ಹಚ್ಚಬಹುದು. ನನ್ನ ವಾಲಿದ ಕಟ್ಟನ್ನು ಬಿಚ್ಚಿ ಬಯ್ಯುತ್ತಾ ಕಟ್ಟುವವಳನ್ನು ಯಾವ ಕೋರ್ಟು ಕೊಡಿಸುತ್ತದೆ?

ಮೊಮ್ಮಗಳು ಎಲೆ ತಂದ ಮರುದಿನ ತಾರೀಖಿತ್ತು. ಹೊಸ ಸಾಹೇಬರು ಚಿಕ್ಕ ವಯಸ್ಸಿನವರು, ಹೊತ್ತಿಗೆ ಸರಿಯಾಗಿ ಬಂದರು, ಕೂಡ್ರಲು ಹೇಳಿದರು. ತೀರ್ಪು ಇಲ್ಲದ್ದರಿಂದ ವಾದ ಮೊದಲಿಂದ ಆಗಬೇಕು ಅಂದರು. ಅವರದೇನು ತಪ್ಪು? ಹೊರಗೆ ಬಂದರೆ ಕಟ್ಟೆಯ ಆ ತುದಿಯಲ್ಲಿ ಗಂಗವ್ವನ ಸೊಸೆ ಮಂಜುಳಾ ಬುತ್ತಿ ಬಿಚ್ಚುತ್ತಿದ್ದಳು. ಕೇಸಿನಲ್ಲಿ ಗಂಗವ್ವನ ಜಾಗಕ್ಕೆ ಈಗ ಮಂಜುಳಾಳ ಗಂಡನ ಹೆಸರು. ಎದ್ದು ಹೋಗಿ ಅವಳ ಪಕ್ಕ ಕೂತೆ. ಅವಳು ಗಾಬರಿಯಾಗಿ ವಕೀಲರ ಕಡೆ ನೋಡಿದಳು.

“ಸಣ್ಣತ್ತಿ, ಕೇಸ್ ಇನ್ನೂ ಮುಗದಿಲ್ರಿ.”

“ಅದು ಮುಗಿಯೂದ್ರಾಗ ನಾನ ಹೋಗಿರ್ತೇನಿ. ನೀರ ಕೊಡು.”

ಬಾಟಲಿ ಕೊಟ್ಟಳು. ಅರ್ಧ ಕುಡಿದೆ. ರೊಟ್ಟಿ ಮುರಿದು ಪುಂಡಿಪಲ್ಯ ಹಾಕಿ ಕೈಗಿಟ್ಟಳು. ಕಣ್ಣು ಒದ್ದೆಯಾಗಿತ್ತು, ನನ್ನದಲ್ಲ, ಅವಳದು. ಉಣ್ಣುವಾಗ ಅಳಬೇಡ ಅಂದೆ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು, ಅದನ್ನೂ ಹೇಳಿದೆ.

“ಮುಂದಿನ ತಾರೀಖಿಗೆ ಸರಿ ಮಾಡ್ಕೊಂಡ ಬರ್ತೇನ್ರಿ” ಅಂದಳು.