ಹಂಸಪಾದಿ ಕಷಾಯಕ್ಕೆ ಒಬ್ಬನೇ ಸಾಕ್ಷಿ

ಮಂಡ್ಯ ಕಡೆಯ ತನ್ನೂರಿನವರ ಪಾಲಿಗೆ ಶಿವಕುಮಾರ ವಿಜ್ಞಾನಿ. ಮ್ಯಾನ್‌ಹಟನ್ನಿನ ಅವನ ಕಂಪನಿ ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಸಾಫ್ಟ್‌ವೇರ್ ಮಾರುತ್ತಿತ್ತು. ಹುಡುಕುವ ಬಟನ್ ಒತ್ತಿದರೆ ನಿಜಕ್ಕೂ ಏನಾದರೂ ಸಿಗುತ್ತದೆಯೇ ಎಂದು ನೋಡುವುದಷ್ಟೇ ಅವನ ಕೆಲಸ. ಇದನ್ನು ಒಮ್ಮೆ ಫೋನಿನಲ್ಲಿ ಅವ್ವನಿಗೆ ಬಿಡಿಸಿ ಹೇಳಿದ. "ಬಟನ್ ಒತ್ತಕ್ಕೆ ಅಮೆರಿಕಕ್ಕೆ ಯಾಕ್ಲಾ ಓಗ್ಬೇಕಿತ್ತು?" ಎಂದು ಅವ್ವ ಕೇಳಿದ ಮೇಲೆ ತೆಪ್ಪಗೆ ವಿಜ್ಞಾನಿಯಾಗಿಯೇ ಉಳಿದುಕೊಂಡ.

ಐಸೆಲಿನ್ ಎಂಬ ಊರಿನಲ್ಲಿ, ಒಂದು ಮನೆಯ ನೆಲದಡಿಯ ಬೇಸ್‌ಮೆಂಟಿನಲ್ಲಿ ಅವನ ಬಾಡಿಗೆ ವಾಸ. ಕಿಟಕಿಯಿಂದ ಕಾಣುತ್ತಿದ್ದುದು ದಾರಿಹೋಕರ ಕಾಲುಗಳು. ಬೀದಿಯ ಬೂಟುಗಳೆಲ್ಲ ಪರಿಚಯವಾಗಿದ್ದವು, ಮುಖ ಒಂದೂ ಆಗಿರಲಿಲ್ಲ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದನೆಂದರೆ ಸೋಮವಾರದ ಮೀಟಿಂಗಿನವರೆಗೆ ಅವನ ಗಂಟಲಿಗೆ ರಜೆ. ಸೋಮವಾರದ ಮೊದಲ 'ಹಲೋ'ಗೆ ಕೆಮ್ಮಿ ದಾರಿ ಮಾಡಿಕೊಡಬೇಕಾಗುತ್ತಿತ್ತು.

ಒಂದು ಚಳಿಗಾಲದಲ್ಲಿ ಆ ಕೆಮ್ಮು ನಿಜವಾದ ಕೆಮ್ಮೇ ಆಯಿತು. ಕನ್ನಡ ಸಂಘದ ಸಂಕ್ರಾಂತಿ ಊಟದ ಸಾಲಿನಲ್ಲಿ ಅವನ ಮುಂದೆ ನಿಂತಿದ್ದ ಹಿರಿಯ ಹೆಂಗಸು ತಟ್ಟೆಯನ್ನು ಎದೆಗೊತ್ತಿಕೊಂಡು ತಿರುಗಿದರು.

"ಏನಪ್ಪಾ, ನನ್ನ ಕೋಸಂಬರಿ ಮೇಲೇ ಕೆಮ್ತಿದೀಯಲ್ಲ! ಭಾನುವಾರ ಮನೆಗೆ ಬಾ, ಕಷಾಯ ಮಾಡ್ಕೊಡ್ತೀನಿ."

ಅವರು ಪದ್ಮಜಾ. ಮೈಸೂರಿನವರು, ಹತ್ತಿರದ ಮೆಟುಚೆನ್‌ನಲ್ಲಿ ಮಗಳ ಮನೆಯಲ್ಲಿದ್ದರು. ಅಲ್ಲಿಯ ಬಚ್ಚಲುಮನೆಯ ಕಿಟಕಿಯಲ್ಲಿ, ಹೀಟರಿನ ಒಣಗಾಳಿ ತಾಗದಂತೆ, ಕುಂಡದಲ್ಲೊಂದು ಜರೀಗಿಡ ಇತ್ತು. ಕೂದಲಿನಷ್ಟು ತೆಳುವಾದ ಕಪ್ಪು ಕಡ್ಡಿ, ಪುಟ್ಟ ಬೀಸಣಿಗೆಯಂಥ ಎಲೆ. "ಗಾರ್ಡನ್ ಅಂಗಡೀಲಿ ಸಿಕ್ತು ನೋಡು. ನಮ್ಮ ಬಾವಿ ಕಲ್ಲಿನ ಸಂದೀಲಿ ಬೆಳೀತಿತ್ತಲ್ಲ, ಅದೇ ಹಂಸಪಾದಿ!" ಎಂದು ಅವರು ನಾದಿನಿಯ ಪರಿಚಯ ಮಾಡಿಸುವಂತೆ ಅದರ ಪರಿಚಯ ಮಾಡಿಸಿದರು.

ಕಷಾಯಕ್ಕೆ ನೆನೆದ ಗೋಣಿಚೀಲದ ರುಚಿ. ಮೊಮ್ಮಗಳು ಆರಾಧ್ಯಾ ಮೂಗು ಹಿಡಿದುಕೊಂಡು, "ಅಜ್ಜಿ, ದಟ್ಸ್ ಸ್ವಾಂಪ್ ವಾಟರ್!" ಎಂದು ಓಡಿತು. ಶಿವಕುಮಾರ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದ. ಮುಂದಿನ ವಾರಕ್ಕೆ ಕೆಮ್ಮು ನಿಂತಿತ್ತು, ನಿಂತಿತೆಂದು ಹೇಳಿದ. ಅಂದಿನಿಂದ ಪ್ರತಿ ಭಾನುವಾರ ಆ ಮನೆಯಲ್ಲಿ ಊಟ, ಊಟಕ್ಕೆ ಮೊದಲು ಒಂದು ಲೋಟ ಕಷಾಯ, ಊಟದ ನಂತರ ಸಂಜೆಯವರೆಗೆ ಮಾತು. ಪದ್ಮಜಾ ನೆಂಟರಿಗೆಲ್ಲ ಫೋನ್ ಮಾಡಿ, "ನಮ್ಮ ಶಿವು ಸೈಂಟಿಸ್ಟು, ಅವನೇ ಗುಣ ಆಯ್ತು ಅಂದಿದಾನೆ" ಎನ್ನುತ್ತಿದ್ದರು. ಅವನು ತಿದ್ದಲು ಹೋಗಲಿಲ್ಲ. ಬಾಯಲ್ಲಿ ಹಪ್ಪಳ ಇತ್ತು.

ಮಾರ್ಚಿನ ಒಂದು ಭಾನುವಾರ ಒಗ್ಗರಣೆ ಹಾಕುತ್ತಿದ್ದ ಪದ್ಮಜಾ ಹಾಗೆಯೇ ಕುರ್ಚಿಗೆ ಕುಸಿದರು. ಹಣೆ ತುಂಬ ಬೆವರು, ಮಾತು ತೊದಲು. ಶಿವಕುಮಾರ ಒಲೆ ಆರಿಸಿ ಸಕ್ಕರೆ ನೀರು ಕುಡಿಸಿದ. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡರು.

"ಗಾಬರಿ ಆಗ್ಬೇಡ್ವೋ. ಶುಗರ್ ಡೌನ್ ಆಗಿತ್ತು ಅಷ್ಟೆ. ಈಚೆಗೆ ಆಗ್ತಿರತ್ತೆ. ಕಷಾಯ ಕೆಲಸ ಮಾಡ್ತಿದೆ."

"ಯಾವ ಕಷಾಯ ಆಂಟಿ?"

"ಹಂಸಪಾದೀದು! ಶುಗರಿಗೂ ಒಳ್ಳೇದಂತೆ. ನಿನ್ನ ಕೆಮ್ಮು ಹೋಗಿದ್ದು ನೋಡಿ ನಾನೂ ಎರಡು ಹೊತ್ತೂ ಕುಡೀತಿದೀನಿ."

"ಶುಗರ್ ಮಾತ್ರೆ ಜೊತೆಗಾ? ಡಾಕ್ಟ್ರಿಗೆ ಹೇಳಿದೀರಾ?"

"ಕಷಾಯ ಏನು ಔಷಧಿಯೇನೋ? ಸಾರು ಕುಡಿದಿದ್ದನ್ನೂ ಹೇಳ್ಬೇಕಾ?"

ಮನೆಗೆ ಬಂದವನೇ ಲ್ಯಾಪ್‌ಟಾಪ್ ತೆರೆದ. ಆ ಬಟನ್ನನ್ನು ತನ್ನ ಸಲುವಾಗಿ ಒತ್ತಿದ್ದು ಅದೇ ಮೊದಲು. ಲೇಖನಗಳು ಸಿಕ್ಕವು, ಆದರೆ ಹೆಚ್ಚಿನವು ಇಲಿಗಳ ಮೇಲಿನವು. ಇಲಿಗಳ ಸಕ್ಕರೆ ಇಳಿದಿತ್ತು. ಮನುಷ್ಯರ ಮೇಲೆ ನಡೆದ, ನೆಚ್ಚಬಹುದಾದ ಪರೀಕ್ಷೆ ಅವನಿಗೆ ಸಿಗಲಿಲ್ಲ; ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಸೇರಿದರೆ ಏನಾಗುತ್ತದೆಂದು ಯಾರೂ ನೋಡಿದಂತಿರಲಿಲ್ಲ. 'ಅಪಾಯ ಕಂಡುಬಂದಿಲ್ಲ' ಎಂಬ ಮಾತು ಅಲ್ಲಲ್ಲಿ ಇತ್ತು. ಹುಡುಕದೆ ಇದ್ದದ್ದು ಕಂಡುಬರುವುದಾದರೂ ಹೇಗೆ? ಸಾಲದ್ದಕ್ಕೆ, ನಮ್ಮಲ್ಲಿ ಹಂಸಪಾದಿ ಎನ್ನುವುದು ಒಂದು ಜಾತಿ, ಇಲಿಗಳಿಗೆ ಹೆಚ್ಚಾಗಿ ಕುಡಿಸಿದ್ದು ಅದರ ದಾಯಾದಿ, ಅಂಗಡಿಯವರು ಅಂದಕ್ಕೆಂದು ಮಾರುವುದು ಬಹುಮಟ್ಟಿಗೆ ಮೂರನೆಯದು. ಅಂದದ ಗಿಡಕ್ಕೆ ಯಾವ ಕೀಟನಾಶಕ ಹೊಡೆದಿದ್ದರೋ ಬಲ್ಲವರಿಲ್ಲ.

ಹಾಗಾದರೆ ಮೆಟುಚೆನ್‌ನ ಆ ಕಷಾಯಕ್ಕೆ ಇದ್ದ ಮನುಷ್ಯ ಪುರಾವೆ ಯಾವುದು? ಶಿವಕುಮಾರ, ಬೇಸ್‌ಮೆಂಟ್ ನಿವಾಸಿ. ಬಿಸಿನೀರು ಕುಡಿದಿದ್ದರೂ ಹೋಗುತ್ತಿದ್ದ ಒಂದು ಕೆಮ್ಮು.

ಹೇಳಿದರೆ ಆ ಮನೆಯ ಭಾನುವಾರ ಹೋಗುತ್ತದೆ. ಹೇಳದಿದ್ದರೆ ಆಂಟಿಯೇ ಹೋಗಿಬಿಡಬಹುದು. ಫೋನ್ ಮಾಡಿ ಹೇಳಿದ. "ಇಲಿ ವಿಷಯ ಇಲಿಗೆ ಹೇಳು ಹೋಗೋ" ಎಂದು ಅವರು ನಕ್ಕರು. ಮಗಳಿಗಾದರೂ ಹೇಳಿ ಎಂದದ್ದಕ್ಕೆ, "ಗುರುವಾರ ಹೇಗೂ ಚೆಕಪ್ಪಿದೆ. ಅವಳಿಗೆ ಬ್ಯಾಂಕಲ್ಲಿ ರಜ ಇಲ್ಲ, ಅಷ್ಟು ಭಯ ಇದ್ರೆ ನೀನೇ ಕರ್ಕೊಂಡ್ಹೋಗು" ಎಂದರು.

ಕ್ಲಿನಿಕ್ಕಿನಲ್ಲಿ ನರ್ಸ್ ಹುಡುಗಿ, ಬೇರೇನಾದರೂ ಗಿಡಮೂಲಿಕೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದಳು. "ನೋ, ನೋ, ನಥಿಂಗ್" ಎಂದರು ಪದ್ಮಜಾ, ಸುಳ್ಳೆಂಬ ಅಳುಕಿಲ್ಲದೆ. ಶಿವಕುಮಾರ ಕೆಮ್ಮಿದ. ಆಮೇಲೆ, ಇವರು ದಿನಕ್ಕೆರಡು ಸಲ ಜರೀಗಿಡದ ಕಷಾಯ ಕುಡಿಯುತ್ತಾರೆ, ಬೆವತು ಕುಸಿಯುತ್ತಾರೆ ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟ.

ಡಾಕ್ಟರು ಬಂದು ಎಲ್ಲ ವಿಚಾರಿಸಿದರು. ಕಾರಣ ಕಷಾಯವೇ ಎಂದು ಹೇಳಲಾರೆ, ಮಾತ್ರೆಯೇ ಹೆಚ್ಚಾಗಿರಬಹುದು, ಆದರೆ ಗೊತ್ತಿಲ್ಲದ್ದನ್ನು ನಿಲ್ಲಿಸಿ ಎಂದರು. ಮಾತ್ರೆಯನ್ನೂ ಕಡಿಮೆ ಮಾಡಿದರು.

ಕಾರಿನಲ್ಲಿ ಪದ್ಮಜಾ ಸೀಟುಬೆಲ್ಟನ್ನು ತಾವೇ ಎಳೆದು ಹಾಕಿಕೊಂಡರು.

"ಆ ಹುಡುಗಿ ಮುಂದೆ ನನ್ನ ಸುಳ್ಳುಗಾತಿ ಮಾಡ್ಬಿಟ್ಟೆ."

"ಹಾಗಲ್ಲ ಆಂಟಿ..."

"ಕೆಮ್ಮು ಹೋಯ್ತು ಅಂದಿದ್ದು ನೀನೇ ತಾನೆ?"

"ಅದು ತಾನಾಗೇ ಹೋಗ್ತಿತ್ತು ಆಂಟಿ."

"ಮತ್ತೆ ಇಷ್ಟು ದಿನ ಯಾಕೆ ಕುಡೀತಿದ್ದೆ?"

ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ. "ನೀವು ಕೊಡ್ತಿದ್ರಲ್ಲ" ಎಂದಷ್ಟೇ ಹೇಳಿ ಶಿವಕುಮಾರ ಕಾರು ಮುಂದಕ್ಕೆ ಬಿಟ್ಟ.

ಆ ಭಾನುವಾರ ಊಟಕ್ಕೆ ಬಾ ಎಂದು ಅವರ ಫೋನ್ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಮೇ ತಿಂಗಳಲ್ಲಿ ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಯಲ್ಲಿ ಪದ್ಮಜಾ ಸಿಕ್ಕರು. ಬೆಂಡೆಕಾಯಿಯ ರಾಶಿಯ ಮುಂದೆ ನಿಂತು, ಒಂದೊಂದರ ತುದಿಯನ್ನೂ ಪಟ್ಟನೆ ಮುರಿದು ಎಳಸೋ ಬಲಿತದ್ದೋ ಎಂದು ನೋಡುತ್ತಿದ್ದರು. ಮುಖದಲ್ಲಿ ಕಳೆ ಬಂದಿತ್ತು.

"ಹೇಗಿದೀರಾ ಆಂಟಿ?"

"ಚೆನ್ನಾಗಿದೀನಿ. ಬೆವರೋದು ಗಿವರೋದು ಏನೂ ಇಲ್ಲ ಈಗ. ಕಷಾಯ ಬಿಟ್ಟೆ."

"ಒಳ್ಳೇದಾಯ್ತು."

"ಹೂಂ. ಮನೆ ಕಡೆ ಬಾ ಒಂದಿನ."

"ಬರ್ತೀನಿ ಆಂಟಿ."

ಯಾವ ದಿನ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಅವರು ಚೀಲ ಗಂಟು ಹಾಕಿ ಕೊತ್ತಂಬರಿಯ ಕಡೆ ನಡೆದರು. ಒಬ್ಬನಿಗೆ ಎಷ್ಟು ಬೇಕಾಗುತ್ತದೆಂದು ತಿಳಿಯದೆ ಶಿವಕುಮಾರ ಅಲ್ಲಿಯೇ ನಿಂತು ಬೆಂಡೆಕಾಯಿ ಆರಿಸತೊಡಗಿದ.