ಚರಗದ ದಿನ ವಜಾ ಆದ ದಾವೆ

೧೯೯೪ರ ಜನವರಿ ೨೫, ಮಂಗಳವಾರ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಸಿಂಧನೂರು ಬಿಟ್ಟೆ. ಚಳಿ ಇನ್ನೂ ಇಳಿದಿರಲಿಲ್ಲ. ಕಾಲುವೆಯ ಭತ್ತದ ಗದ್ದೆಗಳು ಹಿಂದೆ ಸರಿದು, ಮಸ್ಕಿ ಸಮೀಪಿಸಿದಂತೆ ಬಿಳಿಜೋಳದ ಹೊಲಗಳು ಕಾಣಿಸಿಕೊಂಡವು. ನನ್ನ ಚೀಲದಲ್ಲಿ ನಿಜಾಮರ ಕಾಲದ ಉರ್ದು ಖರೀದಿಪತ್ರವೊಂದಕ್ಕೆ ನಾನೇ ಮಾಡಿದ ಕನ್ನಡ ಅನುವಾದವಿತ್ತು. ಅದರ ಫಸಲಿಯನ್ನು, ಅಂದರೆ ಆ ಕಾಲದ ಕಂದಾಯ ವರ್ಷವನ್ನು, ಮೂರು ಕಡೆ ತಾಳೆ ನೋಡಿ ಇಸವಿಗೆ ತಂದಿದ್ದೆ.

ಪತ್ರ ಸಂತೆಕಲ್ಲೂರಿನ ನಾಗಮ್ಮನದು. ಅವಳ ಮಾವ ಕೊಂಡ ನಾಲ್ಕು ಎಕರೆ ಹೊಲದ ಪಹಣಿಯಲ್ಲಿ ಮೈದುನ ತನ್ನೊಬ್ಬನ ಹೆಸರು ಬರೆಸಿಕೊಂಡಿದ್ದ; ಅವಳು ದಾವೆ ಹೂಡಿ ಆರು ವರ್ಷವಾಗಿತ್ತು. ಮಸ್ಕಿ ನಿಲ್ದಾಣದಲ್ಲಿ ರೊಟ್ಟಿ ಗಂಟಿನೊಂದಿಗೆ ಕಾದಿದ್ದಳು.

"ಹೋದ ತಾರೀಖಿಗೆ ಕೋರ್ಟ್ ಬಂದ್ ಇತ್ತಲ್ರಿ ಸರ್. ಹೊಸಾದು ಕೇಳ್ಕೊಂಡು ಬರೋಣ."

ಹತ್ತೂವರೆಗೆ ಲಿಂಗಸುಗೂರಿನಲ್ಲಿ ವಕೀಲರ ಕಚೇರಿ ಸೇರಿದೆವು. ಗುಮಾಸ್ತ ಅನುವಾದವನ್ನು ಮುಟ್ಟಲೇ ಇಲ್ಲ.

"ಇದನ್ನೇನ್ ಮಾಡೋದ್ರಿ ಸರ್? ದಾವಾ ವಜಾ ಆಗ್ಯದ. ಹನ್ನೊಂದನೇ ತಾರೀಖು ಮೂರು ಸಲ ಕೂಗಿದ್ರು, ಈ ಯಮ್ಮ ಇಲ್ಲ. ನಮ್ಮ ವಕೀಲ ಸಾಹೇಬ್ರು ರಾಯಚೂರಾಗಿದ್ರು. ಪತ್ರ ಹಾಕೀನಿ, ಮುಟ್ಟಿಲ್ಲೇನು?"

ನಾಗಮ್ಮ ರೊಟ್ಟಿ ಗಂಟು ಕೆಳಗಿಟ್ಟಳು. "ಅವತ್ತು ಎಳ್ಳಮಾಸಿ! ಭೂಮಿತಾಯಿಗೆ ಉಣಿಸೋ ದಿನ ಯಾರು ಕೋರ್ಟ್ ತೆರಿತಾರೋ ಯಪ್ಪಾ?"

"ಕೋರ್ಟಿಗೆ ಎಳ್ಳಮಾಸಿ ಇಲ್ಲಬೇ ಯಮ್ಮಾ. ನಿನ್ನ ಮೈದುನ ಬಂದಿದ್ದ."

"ಬಂದಿದ್ದನಾ?" ಅವಳ ದನಿ ಕುಸಿಯಿತು. "ಹಂಗಾರ ಅವ ತನ್ನ ಹೊಲಕ್ಕ ಚರಗಾನ ಚೆಲ್ಲಿಲ್ಲ?"

ದಾವೆ ಹೋದದ್ದಕ್ಕಿಂತ ಈ ಮಾತೇ ಅವಳಿಗೆ ಹೆಚ್ಚು ಆಘಾತ ತಂದಂತಿತ್ತು. ನನ್ನ ಆಘಾತ ಬೇರೆಯದು. ಆ ಮಧ್ಯಾಹ್ನ ನಾಗಮ್ಮ ಕರೆದಳೆಂದು ಹೋಗಿ, ದಾವೆಯ ಆ ಹೊಲದ ತುಂಬ ಭೂಮಿತಾಯಿಗೆಂದು ಚರಗದ ಅಡುಗೆ ಚೆಲ್ಲಿದ ಮೇಲೆ, ಬನ್ನಿಗಿಡದ ಕೆಳಗೆ, ಸಜ್ಜೆರೊಟ್ಟಿ ಪುಂಡಿಪಲ್ಯ ಉಂಡವರಲ್ಲಿ ನಾನೂ ಒಬ್ಬ.

ವಜಾ ಆದ ಮೂವತ್ತು ದಿನದೊಳಗೆ ಕಾರಣ ತೋರಿಸಿದರೆ ದಾವೆಯನ್ನು ಮತ್ತೆ ಎತ್ತಿಕೊಳ್ಳುವಂತೆ ಕೇಳಬಹುದೆಂದು ಗುಮಾಸ್ತ ತಿಳಿಸಿದ. ಹದಿನಾಲ್ಕು ದಿನ ಕಳೆದಿದ್ದವು.

"ಅವತ್ತು ಹೊಲದಾಗಿದ್ದಿ ಅನ್ನಾಕ ಸಾಕ್ಷಿ ಯಾರದಾರ?"

ನಾನು ಟಿಪ್ಪಣಿ ಪುಸ್ತಕ ತೆಗೆದೆ. ಮೊದಲ ಪುಟದಲ್ಲಿ, ಖರೀದಿಪತ್ರದ ವಿವರದ ಕೆಳಗೆ, ನನ್ನದೇ ಅಕ್ಷರ: "ಮುಂದಿನ ವಾಯಿದೆ ಜನವರಿ ೧೧." ಒಂಬತ್ತನೆಯ ಪುಟದಲ್ಲಿ: "ಎಳ್ಳಮಾವಾಸ್ಯೆ. ಸಂತೆಕಲ್ಲೂರು. ಊಟ ಸೊಗಸು." ಅಲ್ಲಿ ತಾರೀಖು ಬರೆದಿರಲಿಲ್ಲ. ಫಸಲಿಯನ್ನು ಇಸವಿಗೆ ಇಳಿಸಿಕೊಟ್ಟವನು ಆ ಒಂದು ಅಮಾವಾಸ್ಯೆಯನ್ನು ತಾರೀಖಿಗೆ ಇಳಿಸಿ ನೋಡಿರಲಿಲ್ಲ. ಎರಡೂ ಪುಟಗಳನ್ನು ನಾಗಮ್ಮನಿಗೆ ಓದಿ ಹೇಳಿದೆ.

ಗುಮಾಸ್ತ ಬರೆದ ಅರ್ಜಿಗೆ ಸಾಕ್ಷಿಯಾಗಿ ಸಹಿ ಹಾಕಿದೆ. ಅರ್ಜಿಯ ವಿಚಾರಣೆಗೆ ಫೆಬ್ರವರಿ ೮ ಗೊತ್ತಾಯಿತು. ಕಾರಣ ಸಾಕೆಂದು ನ್ಯಾಯಾಧೀಶರು ಒಪ್ಪುವರೋ ಇಲ್ಲವೋ, ಗುಮಾಸ್ತ ಹೇಳಲಾರ.

ಸಂಜೆ ಮಸ್ಕಿಯಲ್ಲಿ ಅವಳು ನನ್ನನ್ನು ಸಿಂಧನೂರಿನ ಬಸ್ಸು ಹತ್ತಿಸಿ, ಕಿಟಕಿಯ ಸರಳು ಹಿಡಿದು ನಿಂತಳು.

"ಎಂಟು ಅಂದ್ರ ನನಗ ತಿಳಿಯಂಗಿಲ್ರಿ ಸರ್. ಅಮಾಸಿ ಮುಂದೋ ಹಿಂದೋ, ಅಷ್ಟ ಹೇಳ್ರಿ."

ಚೀಲದಿಂದ ಪಂಚಾಂಗ ತೆಗೆದು ಎರಡು ಸಲ ನೋಡಿ ಹೇಳಿದೆ: "ಅಮಾವಾಸ್ಯೆಗೆ ಎರಡು ದಿನ ಇರುವಾಗ, ಮಂಗಳವಾರ."

ಬಸ್ಸು ತಿರುಗಿದಾಗ ಹಿಂತಿರುಗಿ ನೋಡಿದೆ. ನಾಗಮ್ಮ ನಿಂತಲ್ಲೇ ನಿಂತು ದಿನಕ್ಕೊಂದರಂತೆ ಬೆರಳು ಮಡಿಚುತ್ತಿದ್ದಳು; ಕಡೆಯ ಬೆರಳಿಗೆ ಬಂದವಳು ಲೆಕ್ಕ ತಪ್ಪಿತೆಂಬಂತೆ ತಲೆಯಾಡಿಸಿ, ಮತ್ತೆ ಮೊದಲಿನಿಂದ ಎಣಿಸತೊಡಗಿದಳು.