ನಾಲೆ ನಿಂತ ಜಾಗ

ಕನ್ನಡದಲ್ಲಿ ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಮಾತು ಕೇಳದವನ ಕಾಲಿಗೆ ಸುಟ್ಟು ಹಾಕುವ ಗುರುತಿಗೂ ಬರೆ ಎಂದೇ ಹೆಸರು. ಮೂರಕ್ಕೂ ಎರಡೇ ಅಕ್ಷರ ಸಾಕೆಂದು ಪೂರ್ವಿಕರು ತೋರಿದ ಮಿತವ್ಯಯದ ಫಲವನ್ನು ಅನುಭವಿಸುತ್ತಿರುವವನು, ಓದುಗ ಮಿತ್ರರೇ, ಮಂಡ್ಯದ ಒಂದು ಮಿಡ್ಲ್‌ಸ್ಕೂಲಿನ ಡ್ರಾಯಿಂಗ್ ಮೇಷ್ಟರಾದ ನಾನು. ನಾನು ಚಿತ್ರ ಬರೆದಿದ್ದೇನೆಂದರೆ ಜನ ಹತ್ತಿರ ಬಂದು ‘ಏನು ಬರೆದಿದೆ?’ ಎಂದು ಓದಲು ತೊಡಗುತ್ತಾರೆ. ಓದಲು ಬಾರದಿದ್ದರೆ ತಪ್ಪು ಬರೆದವನದು.

ಡ್ರಾಯಿಂಗ್ ಮೇಷ್ಟರನ್ನು ಶಾಲೆಯಲ್ಲಿ ಯಾರೂ ಪೂರ್ತಿ ಮೇಷ್ಟರೆಂದು ಒಪ್ಪುವುದಿಲ್ಲ. ಗಣಿತದ ಪಾಠ ಹಿಂದೆ ಬಿದ್ದರೆ ನನ್ನ ಪಿರಿಯಡ್ಡಿಗೆ ಕತ್ತರಿ. ಇನ್‌ಸ್ಪೆಕ್ಟರು ಬರುವ ವಾರ ಮಾತ್ರ ನನ್ನ ಮಹಿಮೆ ವೃದ್ಧಿಸುತ್ತದೆ, ಸ್ವಾಗತದ ಬಟ್ಟೆಯ ಮೇಲೆ ದುಂಡಗೆ ಅಕ್ಷರ ಬರೆಯಬಲ್ಲವನು ಇನ್ನೊಬ್ಬನಿಲ್ಲವಲ್ಲ! ಹೂಜಿ, ಬಾಳೆಹಣ್ಣು, ಅರಳಿ ಎಲೆ, ಪುಸ್ತಕದ ಮೇಲಿಟ್ಟ ಪುಸ್ತಕ, ಇಷ್ಟರಲ್ಲೇ ಹದಿನಾಲ್ಕು ವರ್ಷ ಸವೆದಿತ್ತು. ಆಗ ಬೊಂಬಾಯಿಯಲ್ಲಿರುವ ಹಳೆಯ ಸಹಪಾಠಿಯೊಬ್ಬ ಒಂದು ವಿಲಾಯಿತಿ ಮಾಸಪತ್ರಿಕೆ ಕಳಿಸಿದ. ಯೂರೋಪಿನ ನವೀನ ಕಲಾವಿದರ ಕೃತಿಗಳು ಅದರಲ್ಲಿ ಬೆಂಕಿಪೊಟ್ಟಣದಗಲಕ್ಕೆ, ಬರೀ ಕಪ್ಪುಬಿಳುಪಿನಲ್ಲಿ ಅಚ್ಚಾಗಿದ್ದವು. ಮೂಗಿರಬೇಕಾದಲ್ಲಿ ತ್ರಿಕೋನ, ಮೇಜಿನ ಮೇಲಿರಬೇಕಾದ ಹೂಜಿ ಮೇಜಿನೊಳಗೆ. ವರ್ಣಸಂಯೋಜನೆಗೆ ಲೋಕವಿಖ್ಯಾತವೆಂದು ಹೊಗಳಿದ್ದ ಚಿತ್ರವನ್ನು ನಾನು ಮಸಿಯ ಮುದ್ದೆಯಾಗಿ ನೋಡಿ, ಆ ವರ್ಣ ಯಾವುದಿದ್ದೀತೆಂದು ಊಹಿಸುತ್ತ ಎಷ್ಟೋ ಸಂಜೆಗಳನ್ನು ಕಳೆದೆ. ಮಂಡ್ಯದಲ್ಲಿ ನವ್ಯಕಲೆಯ ಅಭ್ಯಾಸ ಹೀಗೆ ಊಹಾಪೋಹದಿಂದ ಪ್ರಾರಂಭವಾಯಿತು.

ಇಂಥವರನ್ನು ಅಲ್ಲಿ ಸೇನೆಯ ಮುಂಚೂಣಿಯವರೆಂದು ಕರೆಯುತ್ತಾರಂತೆ, ದಂಡಿಗಿಂತ ಮೊದಲೇ ಹೊರಟು ದಾರಿ ನೋಡುವವರೆಂಬ ಅರ್ಥದಲ್ಲಿ. ಹೆಸರೇನೋ ಭವ್ಯವಾಗಿದೆ. ಆದರೆ ಒಂದು ಸಂದೇಹ ನನ್ನನ್ನು ಬಿಡಲಿಲ್ಲ: ಹಿಂತಿರುಗಿ ನೋಡಿದಾಗ ದಂಡೇ ಬರುತ್ತಿಲ್ಲದಿದ್ದರೆ, ಮುಂದೆ ಹೋದವನನ್ನು ಮುಂಚೂಣಿಯವನೆನ್ನಬೇಕೋ, ದಾರಿ ತಪ್ಪಿದವನೆನ್ನಬೇಕೋ? ಪ್ಯಾರಿಸ್ಸಿನಲ್ಲಾದರೆ ಹತ್ತು ಜನ ಒಟ್ಟಿಗೆ ದಾರಿ ತಪ್ಪುತ್ತಾರೆ. ಒಬ್ಬರನ್ನೊಬ್ಬರು ಬೈದುಕೊಂಡು ಕಾಫಿ ಕುಡಿಯುತ್ತಾರೆ. ಮದ್ದೂರಿನಿಂದ ಮಳವಳ್ಳಿಯವರೆಗೆ ಹುಡುಕಿದರೂ ನನ್ನನ್ನು ಸರಿಯಾಗಿ ಬೈಯುವಷ್ಟು ತಿಳಿದವನು ಒಬ್ಬನೂ ಸಿಕ್ಕಲಿಲ್ಲ. ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಿತೆಂಬ ಗಾದೆಯನ್ನು ನೆನೆದು ನನಗೆ ನಾನೇ ಬೈದುಕೊಂಡದ್ದುಂಟು. ಪಾಪ, ಆ ನರಿಗೂ ಮೈ ಸುಟ್ಟದ್ದು ನಿಜವೇ ಇರಬೇಕು.

ಈ ವಯಸ್ಸಿನಲ್ಲಿ ನನಗೆ ಹೊಸ ಕಲೆಯ ಗೊಡವೆ ಏಕೆಂದು ನೀವು ಕೇಳುತ್ತೀರಿ. ಫ್ಯಾಷನ್ನಿಗಲ್ಲ. ನನ್ನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಅವಳು ಒಂದು ಫೋಟೋಕ್ಕೂ ಒಪ್ಪಿರಲಿಲ್ಲ, ತೆಗೆಸದೆಯೂ ಕಡಿಮೆಯಾಯಿತು. ಮಳವಳ್ಳಿಯಲ್ಲಿರುವ ಅವಳ ತಮ್ಮ, “ಭಾವ, ನೀವು ಪಟ ಬರೆಯೋರೇ ಅಲ್ಲವೇ? ಅಮ್ಮ ನೋಡಿಕೊಳ್ಳೋದಕ್ಕೆ ಅಕ್ಕನದೊಂದು ಬರೆದುಕೊಡಿ” ಎಂದ. ಕೂತು ಬರೆದೆ. ಪಳಗಿದ ಕೈ ಪಳಗಿದ ದಾರಿಯಲ್ಲೇ ಹೋಯಿತು. ಮುಗಿಸಿ ನೋಡಿದರೆ ನನ್ನವಳ ಸೀರೆ ಉಟ್ಟು ಕ್ಯಾಲೆಂಡರಿನ ಲಕ್ಷ್ಮಿ ಕೂತಿದ್ದಾಳೆ! ಅವಳ ಮುಂದಿನ ಹಲ್ಲೊಂದು ಸ್ವಲ್ಪ ಸೊಟ್ಟಗಿತ್ತು. ಸೊಟ್ಟ ಹಲ್ಲನ್ನು ಬರೆಯುವ ವಿದ್ಯೆಯನ್ನು ನನಗೆ ಯಾರೂ ಕಲಿಸಿರಲಿಲ್ಲ. ಅಳುಕುತ್ತಲೇ ಮಳವಳ್ಳಿಗೆ ಕೊಂಡೊಯ್ದೆ. ನಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಥೇಟು ನನ್ನ ಮಗಳೇ ಕಣಪ್ಪ” ಎಂದರು. ಹಾರ ಹಾಕಿದರು. ಬೀದಿಯವರೆಲ್ಲ ಬಂದು ನನ್ನ ಕೈಚಳಕವನ್ನು ಕೊಂಡಾಡಿದರು. ಅಷ್ಟು ಜನರ ನಡುವೆ ಕೂತಿದ್ದಾಗ, ಅವಳು ಎರಡನೆಯ ಸಲ ಹೋದಳೆಂದು ನನಗನ್ನಿಸಿತು. ಈ ಸಲ ಕಳಿಸಿದವನು ನಾನೇ.

ಹಳೆಯ ದಾರಿ ಎಷ್ಟು ಸಲ ನಡೆದರೂ ಲಕ್ಷ್ಮಿಯ ಬಾಗಿಲಿಗೇ ಮುಟ್ಟಿಸುತ್ತದೆಂದು ಗೊತ್ತಾದ ಮೇಲೆ ಮನುಷ್ಯ ಬೇರೆ ದಾರಿ ಹಿಡಿಯಲೇಬೇಕು. ಮುಖದ ಆಸೆ ಬಿಟ್ಟೆ. ನಮ್ಮ ಮನೆಯನ್ನೇ, ಹೆಂಚು ತೆಗೆದು ಮೇಲಿನಿಂದ ನೋಡಿದ ಹಾಗೆ, ಚೌಕಚೌಕವಾಗಿ ಬರೆದೆ: ಸಾರಿಸಿದ ನೆಲಕ್ಕೆ ಕಂದು, ಹಿತ್ತಲಿನ ಬಸಳೆಗೆ ಹಸಿರು, ಅಡಿಗೆಮನೆಗೆ ಹೊಗೆಬಣ್ಣ. ನಡುವೆ ಒಂದೇ ಒಂದು ನೀಲಿ ಗೆರೆ. ಅವಳು ದಿನಾ ಬೆಳಿಗ್ಗೆ ಹಿತ್ತಲಿನ ಬಾವಿಯಿಂದ ಕೊಡ ಹೊತ್ತು ಅಡಿಗೆಮನೆಗೆ ಬರುತ್ತಿದ್ದ ಜಾಡು ಅದು. ಕೊಡ ತುಳುಕಿ ನೆಲದುದ್ದಕ್ಕೂ ನೀರು ಬೀಳುತ್ತಿತ್ತು. ಜಾರಿ ಬೀಳುತ್ತೀಯೆಂದು ನಾನು ರೇಗುತ್ತಿದ್ದೆ. ಗೆರೆಯನ್ನು ಅಡಿಗೆಮನೆಯ ತನಕ ಎಳೆಯಲು ಹೋದವನು ಅರ್ಧ ಗೇಣು ಮುಂಚೆಯೇ ಕುಂಚ ಎತ್ತಿಬಿಟ್ಟೆ. ಏಕೆಂದು ನನಗೂ ತಿಳಿಯಲಿಲ್ಲ. ಎತ್ತಿ ನೋಡಿದರೆ, ಅವಳಿದ್ದಳು.

ಆದರೆ ಅದು ನನಗೊಬ್ಬನಿಗೆ ಕಂಡರೆ ಆಯಿತೇ? ಹೆಡ್‌ಮೇಷ್ಟರು ಒಂದು ಭಾನುವಾರ ಬಂದು, ಕನ್ನಡಕ ಏರಿಸಿ ಇಳಿಸಿ, “ಭೇಷ್ ಮೇಷ್ಟ್ರೇ, ಪೂರ್ತಿ ಆದಮೇಲೆ ಹೇಳಿ, ಬಂದು ನೋಡ್ತೀನಿ” ಎಂದು ಹೋದರು. ಸಂಸ್ಕೃತ ಪಂಡಿತರು ಇದು ಯಾವ ದೇವತೆಯ ಯಂತ್ರವೆಂದು ವಿಚಾರಿಸಿ, ರೇಖೆಗಳು ಶಾಸ್ತ್ರವಿರುದ್ಧವಾಗಿವೆ, ಮನೆಗೆ ಒಳ್ಳೆಯದಲ್ಲವೆಂದು ಎಚ್ಚರಿಸಿದರು. ಬೊಂಬಾಯಿಯ ಗೆಳೆಯನಿಗೆ ನಾಲ್ಕು ಪುಟದ ವರ್ಣನೆ ಬರೆದೆ, ಉತ್ತರ ಬರಲಿಲ್ಲ. ನನಗೆ ಪ್ರಶಂಸೆ ಬೇಕಿರಲಿಲ್ಲ. ಒಬ್ಬರು, ಒಬ್ಬರೇ ಸಾಕು, ಆ ಗೆರೆಯ ಮುಂದೆ ನಿಂತು, ಇಲ್ಲಿ ಯಾರೋ ಓಡಾಡುತ್ತಿದ್ದರು ಎನ್ನಬೇಕಾಗಿತ್ತು.

ಎಣ್ಣೆಬಣ್ಣ ಬೇಗ ಒಣಗುವುದಿಲ್ಲ. ಮನೆಯೊಳಗಿನ ಅಗಸೆ ಎಣ್ಣೆಯ ವಾಸನೆಗೆ ತಲೆಸಿಡಿದು, ಚಿತ್ರವನ್ನು ಜಗಲಿಯ ಗೋಡೆಗೆ ನೇತುಹಾಕಿ ಶಾಲೆಗೆ ಹೋದೆ. ಪಕ್ಕದ ಮನೆಯಲ್ಲಿ ನಾಲೆಯ ಸರ್ವೆ ಓವರ್‌ಸೀಯರರ ಬಿಡಾರ. ಎರಡು ಮನೆಗೂ ಒಂದೇ ಜಗಲಿ. ಆಗ ನಮ್ಮ ಸೀಮೆಯಲ್ಲೆಲ್ಲ ನಾಲೆಯದೇ ಮಾತು. ಕನ್ನಂಬಾಡಿ ಕಟ್ಟೆಯ ನೀರು ಯಾವ ಊರಿನ ಮೇಲೆ ಹಾಯುತ್ತದೆ, ಯಾರ ರಾಗಿಹೊಲ ಗದ್ದೆಯಾಗುತ್ತದೆಂದು ತಿಳಿಯಲು ಸಂತೆಗೆ ಬಂದವರು ಓವರ್‌ಸೀಯರರ ಬಾಗಿಲಲ್ಲಿ ಒಂದು ಗಳಿಗೆ ನಿಂತೇ ಹೋಗುತ್ತಿದ್ದರು. ಆವತ್ತು ಸಂತೆ, ಓವರ್‌ಸೀಯರರು ಹಲಗೂರಿನ ಕಡೆ ಕ್ಯಾಂಪು. ನಾನು ಮಧ್ಯಾಹ್ನ ಬಂದು ನೋಡುತ್ತೇನೆ, ಜಗಲಿಯ ಮುಂದೆ ಇಪ್ಪತ್ತು ಜನ ಉಸಿರು ಬಿಗಿಹಿಡಿದು ನನ್ನ ಚಿತ್ರವನ್ನು ದಿಟ್ಟಿಸುತ್ತಿದ್ದಾರೆ!

“ಇದು ಕಟ್ಟೆ ಕಣ್ಲಾ. ಇಲ್ಲಿಂದ್ಲೇ ನೀರು ಬುಡೋದು,” ಎಂದು ಒಬ್ಬ ನಮ್ಮ ಬಾವಿಯನ್ನು ತೋರಿಸಿದ.

“ಈ ಅಸ್ರು ಯಾರ್ದ್ಲಾ? ಆಗ್ಲೇ ಗದ್ದೆ ಆಗೋಗದಲ್ಲಾ!” ಎಂದು ಇನ್ನೊಬ್ಬ ನಮ್ಮ ಬಸಳೆಗೆ ಹೊಟ್ಟೆಕಿಚ್ಚುಪಟ್ಟ.

ಪ್ಯಾರಿಸ್ಸಿನ ಯಾವ ಮುಂಚೂಣಿಯವನಿಗೂ ಇಂಥ ಪ್ರೇಕ್ಷಕರು ದೊರೆತಿರಲಾರರು. ಒಂದೊಂದು ಬಣ್ಣಕ್ಕೂ ಅವರ ಮುಖ ಅರಳುತ್ತಿತ್ತು, ಬಾಡುತ್ತಿತ್ತು. ನಾನು ಹಿಂದೆ ನಿಂತು ಬಹಳ ಹೊತ್ತು ಸುಮ್ಮನಿದ್ದೆ. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಆ ತಪ್ಪನ್ನು ತಿದ್ದಲು ನನಗೆ ಮನಸ್ಸಿರಲಿಲ್ಲ. ನನ್ನ ಮನೆಯ ಮುಂದೆ ಅಷ್ಟು ಜನ ಸೇರಿ ಮೂರು ವರ್ಷವಾಗಿತ್ತು.

ಆಗ ಮುಂದಿದ್ದ ಮುದುಕನೊಬ್ಬ, ಅವನ ಹೆಸರು ಮರೀಗೌಡನೆಂದು ಆಮೇಲೆ ತಿಳಿಯಿತು, ಗೆರೆ ನಿಂತ ಜಾಗದಲ್ಲಿ ಬೆರಳಿಟ್ಟ. “ಇಲ್ಗಂಟ ಬಂದು ನಿಂತೋಗದಲ್ಲಪ್ಪಾ. ದುದ್ದದೂರಿಂದಾಚ್ಗೆ ನೀರಿಲ್ಲ. ನಮ್ಮೂರ್ಗಿಲ್ವಾ ಅಂಗಾರೆ?” ಎಂದು ಸುತ್ತಲಿನವರ ಮುಖವನ್ನು ಒಂದೊಂದಾಗಿ ನೋಡಿದ. ನನಗೆ ಇನ್ನು ಸುಮ್ಮನಿರಲಾಗಲಿಲ್ಲ.

“ಗೌಡರೇ, ಇದು ನಾಲೆಯ ನಕ್ಷೆಯಲ್ಲ. ನಾನು ಬರೆದ ಚಿತ್ರ,” ಎಂದೆ.

ಎಲ್ಲರೂ ನಕ್ಕರು. “ಮೇಷ್ಟ್ರು ಏನೋ ಬಳ್ಕೊಂಡವ್ರೆ, ಬನ್ರಲಾ ಸಂತೆಗೋಗನ,” ಎಂದು ಯಾರೋ ಹೇಳಿದ್ದೇ ತಡ, ಜಗಲಿ ಖಾಲಿಯಾಯಿತು. ಮರೀಗೌಡ ಮಾತ್ರ ನೀಲಿ ಹತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ ನಿಂತಿದ್ದ.

“ನಕ್ಸೆ ಅಲ್ದಿದ್ಮೇಲೆ, ಈ ನೀರ್ಯಾವ್ದು ಸೋಮಿ?”

ಅದು ನೀರೆಂದು ನಾನು ಹೇಳಿರಲಿಲ್ಲ. ನವ್ಯಕಲೆಗೆ ಸಮಾಜದಲ್ಲಿ ಏನು ಸ್ಥಾನವೆಂದು ಆ ವಿಲಾಯಿತಿ ಪತ್ರಿಕೆಯಲ್ಲಿ ಪುಟಗಟ್ಟಲೆ ಜಿಜ್ಞಾಸೆಯಿತ್ತು. ಇಲ್ಲಿ ನೀರಿಗಾಗಿ ಹಂಬಲಿಸುತ್ತಿದ್ದ ಒಬ್ಬ ಮನುಷ್ಯ ನೀರನ್ನು ಗುರುತಿಸಿದ್ದ, ಅಷ್ಟೆ. ಅವನನ್ನು ನಾನು ಕರೆತಂದಿರಲಿಲ್ಲ. ಅವನು ದಂಡಿನವನಾಗಿ ನನ್ನ ಹಿಂದೆ ಬಂದವನೂ ಅಲ್ಲ.

“ನನ್ನ ಹೆಂಡತಿ ಬಾವಿಯಿಂದ ನೀರು ತರುತ್ತಿದ್ದಳು,” ಎಂದೆ.

“ಈಗ?”

“ಈಗಿಲ್ಲ.”

ಅವನು ಮತ್ತೆ ಚಿತ್ರದತ್ತ ತಿರುಗಿದ. ಈ ಸಲ ಮುಟ್ಟದೆ, ಬಾವಿಯಿಂದ ಹೊರಟು ಗೆರೆಯ ಮೇಲೆಯೇ ನಿಧಾನವಾಗಿ ಬೆರಳು ನಡೆಸಿಕೊಂಡು ಬಂದು, ಗೆರೆ ನಿಂತಲ್ಲಿ ನಿಲ್ಲದೆ ಮುಂದೆ ಹೋಗಿ, ಅಡಿಗೆಮನೆಯ ಬಾಗಿಲ ಪಕ್ಕದ ಕಂದು ಚೌಕವನ್ನು ತೋರಿಸಿದ.

“ಇಲ್ಲಿ ನೀರಿಲ್ದೆ ಒಣಗ್ಕೊಂಡು ಕುಂತಿರೋರು ನೀವೇಯಾ?”

ಅವಳಿದ್ದಾಗ ಕಾಫಿಗೆ ಕಾಯುತ್ತ, ಅವಳು ಹೋದಮೇಲೆ ಯಾವುದಕ್ಕೂ ಕಾಯದೆ ನಾನು ಕೂರುತ್ತಿದ್ದ ಜಾಗ ಅದು. ಚಿತ್ರದಲ್ಲಿ ನಾನೂ ಇದ್ದೇನೆಂದು ಅವನು ತೋರಿಸುವವರೆಗೆ ನನಗೆ ಗೊತ್ತಿರಲಿಲ್ಲ. ಹೌದೆನ್ನಲು ಹೋದವನು ಗುರುತಿಲ್ಲದ ಮನುಷ್ಯನೆದುರು, ಹಾಡುಹಗಲಲ್ಲಿ, ಸಂತೆ ಬೀದಿಯ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.

ಮರೀಗೌಡ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತು, ನಾನು ಮುಖ ಒರೆಸಿಕೊಳ್ಳುವವರೆಗೂ ಕಾದು, “ಎಸ್ರೇನು ಆಯಮ್ಮಂದು?” ಎಂದು ಕೇಳಿದ.

“ಕಮಲ,” ಎಂದೆ.

ಹನ್ನೊಂದು ವರ್ಷದ ಸಂಸಾರದಲ್ಲಿ ‘ಏ, ಇವಳೇ’ ಎಂದಷ್ಟೇ ಕೂಗುತ್ತಿದ್ದೆ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.